ಕಿಟಕಿಯ ಕೆಳಗಿನ ಚಾಪೆ

ಗದಗದಿಂದ ಕೆಜಿಎಫ್‌ಗೆ ಕಾರ್ಖಾನೆಯ ಕೆಲಸಕ್ಕೆ ಬಂದ ಮೊದಲ ವರ್ಷ ನಾನು ಊರಿಗಾಂನಲ್ಲಿ, ಗಣಿ ಕಾರ್ಮಿಕರ ಹಳೇ ಲೈನ್ ಮನೆಯೊಂದರಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆಯೇ ಮನೆಯ ಒಡತಿ, ಎಪ್ಪತ್ತು ದಾಟಿದ ಅಜ್ಜಿ. ಲೈನಿನ ತಮಿಳು ಮಕ್ಕಳಂತೆ ನಾನೂ ಅವರನ್ನು ಪಾಟಿ ಅನ್ನುತ್ತಿದ್ದೆ. ಹುಣ್ಣಿಮೆಗೊಮ್ಮೆ ಅವರು ಎರಡು ಬೀದಿ ಆಚೆಯ ಬುದ್ಧವಿಹಾರಕ್ಕೆ ಹೋಗುವರು. ಬುದ್ಧ ಪೂರ್ಣಿಮೆಗೆ ನನ್ನನ್ನೂ ಕರೆದರು.

"ಏನು ಉಟ್ಕೊಂಡು ಬರ್ಲಿ ಪಾಟಿ?"

"ಬಿಳೀದು. ಭುಜ ಮುಚ್ಚಿರ್ಬೇಕು, ಅಷ್ಟೇ."

ನನ್ನ ಹತ್ತಿರ ಬಿಳಿಯದು ಅಂತ ಒಂದು ಕರವಸ್ತ್ರವೂ ಇರಲಿಲ್ಲ. ನಮ್ಮ ಮನೆಯಲ್ಲಿ ಬಿಳಿ ಸೀರೆ ಉಟ್ಟವಳು ಅಜ್ಜಿಯೊಬ್ಬಳೇ, ಅದೂ ಅಜ್ಜ ಸತ್ತ ಮೇಲೆ. ಹಾಗೆಂದಾಗ ಪಾಟಿ ನಕ್ಕು, ಟ್ರಂಕಿನಿಂದ ಸಣ್ಣ ನೀಲಿ ಅಂಚಿನ ಹತ್ತಿ ಸೀರೆಯೊಂದನ್ನು ತೆಗೆದರು. ಸೆರಗಿನ ಹರಕನ್ನು ನೀಲಿ ದಾರದಲ್ಲೇ ಹೊಲಿದಿದ್ದರು.

"ನಮ್ಮಕ್ಕಂದು. ಉಟ್ಕೋಮ್ಮ, ಪರ್ವಾಗಿಲ್ಲ."

ಅಕ್ಕ ಎಲ್ಲಿದ್ದಾರೆ ಎಂದು ನಾನು ಕೇಳಲಿಲ್ಲ.

ಬೆಳಿಗ್ಗೆ ಪಾಟಿಗೆ ಮಂಡಿನೋವು. "ನೀನು ಮುಂದೆ ಓಗು, ನಿಧಾನಕ್ಕೆ ಬತ್ತೀನಿ" ಅಂದರು. ವಿಹಾರದಲ್ಲಿ ಎಲ್ಲರೂ ಬಿಳಿ ಉಟ್ಟಿದ್ದರು, ಹಜಾರ ತುಂಬಿತ್ತು. ನಾನು ಒಳಗೆ ಕಾಲಿಟ್ಟೊಡನೆ ಮಾತು ನಿಂತಿತು. ಮರುಕ್ಷಣ ಏನೂ ಆಗದವರಂತೆ ಹೆಂಗಸರು ಸರಿದು ದಾರಿ ಬಿಟ್ಟರು. ಅಷ್ಟು ಜನದ ನಡುವೆ, ಕಿಟಕಿಯ ಕೆಳಗೆ ಒಂದೇ ಒಂದು ಚಾಪೆ ಖಾಲಿಯಿತ್ತು. ಕೂತೆ. ಮುದುಕರೊಬ್ಬರು ಬಿಸಿನೀರಿನ ಲೋಟ ತಂದು ನನ್ನ ಮುಂದಿಟ್ಟರು. ಬೇರೆ ಯಾರ ಮುಂದೆಯೂ ಲೋಟವಿರಲಿಲ್ಲ.

"ಕೆಮ್ಮು ಕಮ್ಮಿ ಆಯ್ತಾಮ್ಮ?"

ನನಗೆ ಯಾವ ಕೆಮ್ಮೂ ಇರಲಿಲ್ಲ. ಆದರೂ "ಆಯ್ತು" ಅಂದುಬಿಟ್ಟೆ.

ಪಾಳಿ ಶ್ಲೋಕಗಳು ಶುರುವಾದವು. ಸ್ವಲ್ಪ ಹೊತ್ತಿಗೆ ಗಂಟಲು ಕೆರೆದು ಕೆಮ್ಮು ಬಂತು, ನಿಲ್ಲದ ಕೆಮ್ಮು. ಪಕ್ಕದ ಹೆಂಗಸು ತಿರುಗಿಯೂ ನೋಡದೆ ನನ್ನ ಬೆನ್ನು ಸವರಿದಳು. ರೂಢಿಯಾಗಿದ್ದ ಕೈ ಅದು. ಅಷ್ಟರಲ್ಲಿ ಬಂದ ಪಾಟಿ ಬಾಗಿಲಲ್ಲೇ ನಿಂತು ನನ್ನನ್ನು ಬಹಳ ಹೊತ್ತು ನೋಡಿದರು. ಹತ್ತಿರ ಬರಲಿಲ್ಲ.

ವಾಪಸು ಬರುವಾಗ ಕೇಳಿದೆ. "ನಿಮ್ಮಕ್ಕ..."

"ಕೆಮ್ಮಿ ಕೆಮ್ಮೀನೇ ಓಗ್ಬಿಟ್ಲು. ಮೂರು ವರ್ಷ ಆಯ್ತು."

"ಅಲ್ಲಿ ಎಲ್ಲಾರೂ ನನ್ನ ತಪ್ಪು ತಿಳ್ಕೊಂಡ್ರಲ್ಲ ಪಾಟಿ?"

"ತಪ್ಪೇನಿಲ್ಲ ಬಿಡು. ಅವ್ಳು ಬಂದ್ಲು ಅಂದ್ಕೊಂಡ್ರು." ಸ್ವಲ್ಪ ದೂರ ನಡೆದ ಮೇಲೆ ನನ್ನ ಕೈ ಹಿಡಿದರು. "ಮುಂದಿನ ಹುಣ್ಣಿಮೆಗೂ ಇದನ್ನೇ ಉಟ್ಕೋತೀಯಾ?"

ಕೈ ಹಿಡಿದೇ ಮನೆ ತಲುಪಿಸಿದೆ. ಸೀರೆ ಬಿಚ್ಚಿಟ್ಟ ಮೇಲೆ ಕೆಮ್ಮು ನಿಂತಿತು. ಒಗೆದು, ಇಸ್ತ್ರಿ ಮಾಡಿಸಿ ಹಿಂದಿರುಗಿಸಿದೆ. ಪಾಟಿ ಅದನ್ನು ಮೂಸಿ ನೋಡಿ, ಸೋಪಿನ ವಾಸನೆಗೆ ಮುಖ ಸಣ್ಣದು ಮಾಡಿಕೊಂಡರು. ನನಗೆ ಕೆಡುಕೆನಿಸಿತು. ಆದರೂ ರಾಬರ್ಟ್‌ಸನ್‌ಪೇಟೆಗೆ ಹೋಗಿ ಒಂದು ಬಿಳಿ ಚೂಡಿದಾರ ಕೊಂಡೆ.

ಮುಂದಿನ ಹುಣ್ಣಿಮೆಗೆ ಅದನ್ನೇ ತೊಟ್ಟು ಹೋದೆ. ಬಾಗಿಲಲ್ಲಿ ಅದೇ ಮುದುಕರು ಕೈಮುಗಿದರು.

"ಹೊಸಬ್ರಾ? ಯಾವೂರಾಯ್ತು ನಿಮ್ದು?"

"ಗದಗ ರೀ."

"ಅಷ್ಟು ದೂರದಿಂದಾ?" ಎಂದವರೇ ನನ್ನ ಭುಜದಾಚೆ, ಬೀದಿಯ ಕಡೆ ಇನ್ಯಾರನ್ನೋ ಹುಡುಕುವವರಂತೆ ಕಣ್ಣು ಹಾಯಿಸಿದರು. ನಾನೂ ತಿರುಗಿದೆ. ಪಾಟಿಯೊಬ್ಬರೇ ಗೋಡೆ ಹಿಡಿದು ಚಪ್ಪಲಿ ಬಿಡುತ್ತಿದ್ದರು.