ಹೆಸರಿಲ್ಲದ ಗಾಳಿಯ ಮೇಲೆ ಹೊರಿಸಿದ್ದು

ಐಸಮ್ಮನ ಅಡುಗೆಮನೆಯ ಮೇಲೆ ಗೋಡೆ ಬೀಳಿಸಿದ್ದು ಅರಬ್ಬಿ ಸಮುದ್ರವಲ್ಲ, ನಾನು. ಅವಳ ಬಲಗೈಯ ಎರಡು ಬೆರಳುಗಳು ಇವತ್ತಿಗೂ ಮಡಚದಿರುವುದಕ್ಕೆ ಕಾರಣ ವಾಯುಭಾರ ಕುಸಿತವಲ್ಲ, ನಾನು. ಅದಾದ ಮೇಲೆ ಅವಳು ಕಣ್ಣಾರೆ ಕಂಡದ್ದನ್ನು ಹತ್ತು ಜನರ ಎದುರು ಸುಳ್ಳು ಮಾಡಿದವನೂ ನಾನೇ — ಈ ಮೂರನೆಯದು ಮೊದಲ ಎರಡಕ್ಕಿಂತ ಕೀಳು ಎಂದು ಅರ್ಥವಾಗಲು ನನಗೆ ನಾಲ್ಕು ಮಳೆಗಾಲ ಬೇಕಾಯಿತು.

ಊರಿನವರು ನನ್ನನ್ನು ಮಳೆ ಮಾಷ್ಟ್ರು ಎನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು ಹಂಚಿನ ಕಾರ್ಖಾನೆಯ ಭಟ್ಟಿ ಕಾದವನು. ಓದಿದ್ದೆಲ್ಲ ಆ ಭಟ್ಟಿಯ ಬೆಳಕಿನಲ್ಲಿ, ಸಿಕ್ಕಿದ ಕಾಗದದಲ್ಲಿ. ಬಹುಶಃ ಅದಕ್ಕೇ ಇರಬೇಕು, ಇನ್ನೊಬ್ಬರು ಹೇಳಿದ್ದನ್ನು ಹಾಗೆಯೇ ನಂಬುವುದು ನನಗೆ ಸೋಲಿನಂತೆ ಕಾಣುತ್ತಿತ್ತು. ಬಂಟ್ವಾಳ ಪೇಟೆಗೆ ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತೆಂದು ಹಿರಿಯರು ಒಂದು ಕಂಬವನ್ನು ತೋರಿಸುತ್ತಿದ್ದರು. ನಾನು ಮೇಸ್ತ್ರಿಗಳ ನೀರುಮಟ್ಟದ ಪೈಪು ಹಿಡಿದು ಅಳೆದು, ಆ ಗುರುತು ಒಂದು ಮೊಳ ಹೆಚ್ಚು ಎಂದು ಪತ್ರಿಕೆಗೆ ಬರೆದು ಬೈಸಿಕೊಂಡೆ. ಹವಾಮಾನದ ಮುನ್ಸೂಚನೆಯನ್ನಂತೂ ಲೇವಡಿ ಮಾಡದ ದಿನವಿರಲಿಲ್ಲ. "ರೆಡ್ ಅಲರ್ಟಾ? ಹಾಗಾದ್ರೆ ಹಪ್ಪಳ ಒಣಗ್ಲಿಕ್ಕೆ ಹಾಕಿ" ಎಂದು ನಾನು ಹೇಳಿದ್ದನ್ನು ಜನ ವಿಟ್ಲದ ಬಸ್ಸಿನಲ್ಲಿ ಇನ್ನೂ ಹೇಳಿ ನಗುತ್ತಾರೆ. ಯಾರನ್ನೂ ನಂಬದವನನ್ನು ಎಲ್ಲರೂ ನಂಬುತ್ತಿದ್ದರು. ಅದರ ರುಚಿ ನನಗೆ ಹತ್ತಿತ್ತು.

ನಾನು ನಂಬುತ್ತಿದ್ದದ್ದು ಒಂದನ್ನೇ — ನನ್ನ ಮಳೆಮಾಪಕವನ್ನು. ಪ್ರತಿ ಬೆಳಿಗ್ಗೆ ಎಂಟೂವರೆಗೆ ಅಳತೆ, ಕೂಡಲೇ ಪುಸ್ತಕಕ್ಕೆ. ಮೂವತ್ತು ವರ್ಷಗಳ ಪುಸ್ತಕಗಳು ಕಪಾಟಿನಲ್ಲಿವೆ. ಮಾಪಕದ ಹತ್ತಿರ ಮರವಾಗಲಿ ಮನೆಯ ಮಾಡಾಗಲಿ ಇರಬಾರದು, ಇದ್ದರೆ ಅಳತೆ ತಪ್ಪುತ್ತದೆ ಎಂದು ಓದಿದ ಮೇಲೆ ನನಗೆ ನೆಮ್ಮದಿ ಹೋಯಿತು. ನಮ್ಮದು ಗುಡ್ಡದ ಬದಿಯ ಜಾಗ. ನನ್ನ ಮನೆ ಮೇಲೆ, ಐಸಮ್ಮನ ಮನೆ ಕೆಳಗೆ, ನಡುವೆ ಗುಡ್ಡ ಕಡಿದ ಕಡಿದಾದ ಬರೆಗೆ ಆನಿಸಿ ಕಟ್ಟಿದ ನನ್ನ ಕೆಂಪುಕಲ್ಲಿನ ತಡೆಗೋಡೆ. ಒಂದು ಬೇಸಿಗೆಯಲ್ಲಿ ಜೇಸಿಬಿ ತರಿಸಿ, ಗೋಡೆಯವರೆಗೆ ಮಣ್ಣು ತುಂಬಿಸಿ ಅಂಗಳವನ್ನು ಅಗಲ ಮಾಡಿದೆ. ಗುಡ್ಡದ ನೀರು ಹರಿದು ಹೋಗುವ ಹಳೆಯ ಕಣಿಯೊಂದು ಆ ಅಂಗಳಕ್ಕೆ ಅಡ್ಡ ಬರುತ್ತಿತ್ತು. ಅದರ ಬಾಯಿಗೆ ಐದಾರು ಕೆಂಪುಕಲ್ಲುಗಳನ್ನು ನಾನೇ ಕೈಯಾರೆ ಜೋಡಿಸಿ, ಮಣ್ಣು ಮೆತ್ತಿ ಮುಚ್ಚಿದೆ. ನೀರು ಬೇರೆ ದಾರಿ ನೋಡಿಕೊಳ್ಳುತ್ತದೆ ಎಂದುಕೊಂಡೆ — ಇಲ್ಲ, ಅಷ್ಟು ಕೂಡ ಯೋಚಿಸಲಿಲ್ಲ. ಮಾಪಕಕ್ಕೆ ಜಾಗ ಸಿಕ್ಕಿತಲ್ಲ ಎಂದಷ್ಟೇ ಸಂತೋಷಪಟ್ಟೆ.

ಆ ವರ್ಷ ಮುಂಗಾರು ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಲಕ್ಷದ್ವೀಪದ ಆಚೆ ಒಂದು ವಾಯುಭಾರ ಕುಸಿತ ಎದ್ದಿತು. ಇವುಗಳ ಬಗ್ಗೆ ನಾನು ಓದಿದ್ದೆ. ಗಾಳಿ ಗಂಟೆಗೆ ಅರವತ್ತು ಕಿಲೋಮೀಟರಿನ ಮೇಲೆ ಹೋದರೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತಾರೆ. ಹೆಸರಿಟ್ಟದ್ದಕ್ಕೆ ಚರಿತ್ರೆಯಿರುತ್ತದೆ: ಎಲ್ಲಿ ಹುಟ್ಟಿತು, ಯಾವ ದಡ ಹತ್ತಿತು, ಎಷ್ಟು ಮರ ಕೆಡವಿತು, ಎಲ್ಲವನ್ನೂ ಬರೆದಿಡುತ್ತಾರೆ. ಅದಕ್ಕಿಂತ ಕಡಿಮೆಯವು ಹೆಸರಿಲ್ಲದೆ ಎರಡು ಮೂರು ದಿನ ಸುತ್ತಿ, ಅಲ್ಲೇ ಎಲ್ಲೋ ಸಮುದ್ರದಲ್ಲಿ ಕರಗಿ ಹೋಗುತ್ತವೆ. ಇದೂ ಹಾಗೆಯೇ. ಎರಡು ದಿನ ಬಿಟ್ಟು ಬಿಟ್ಟು ಮಳೆ. ಮೂರನೆಯ ದಿನ ಬೆಳಿಗ್ಗೆ ಒಂದಷ್ಟು ಹೊತ್ತು. ಮಧ್ಯಾಹ್ನಕ್ಕೆ ಆಕಾಶ ತೆರೆದು ತೆಳುವಾದ ಬಿಸಿಲು ಬಿತ್ತು.

ಮೂರು ಗಂಟೆಯ ಹೊತ್ತಿಗೆ ಗೋಡೆ ಹೋಯಿತು.

ನಾನು ಅಂಗಳದಲ್ಲೇ ಇದ್ದೆ. ಜರ್ರನೆ ಮಣ್ಣು ಇಳಿದು, ಅದರ ಹಿಂದೆಯೇ ಕೆಸರುನೀರು ಒಮ್ಮೆಲೇ ಕೆಳಗೆ ಧುಮುಕಿತು. ಅಷ್ಟು ನೀರು ಎಲ್ಲಿಂದ ಬಂತೆಂದು ಕೇಳುವ ಅಗತ್ಯ ನನಗಿರಲಿಲ್ಲ. ಕಣಿಯಲ್ಲಿ ಹೋಗಬೇಕಾದದ್ದು ಮುಂಗಾರಿಡೀ ಆ ಮಣ್ಣಿನೊಳಗೆ ತುಂಬಿಕೊಂಡಿತ್ತು. ನೆರೆಕರೆಯವರು ಓಡಿ ಬಂದು ಕಲ್ಲು ಎತ್ತಿ ಐಸಮ್ಮನನ್ನು ಹೊರಗೆ ತೆಗೆದರು. ನಾನೂ ಕಲ್ಲು ಎತ್ತಿದೆ. ಎತ್ತುತ್ತಿರುವಾಗ ನನ್ನ ತಲೆಯಲ್ಲಿದ್ದದ್ದು ಅವಳ ಕೈಯಲ್ಲ — ಕಣಿಯ ಬಾಯಿ ಇಲ್ಲಿಂದ ಕಾಣುತ್ತದೋ ಇಲ್ಲವೋ ಎಂಬುದು.

ಮರುದಿನ ಎಂಟೂವರೆಗೆ ಅಳತೆ ನೋಡಿದೆ. ಮೂವತ್ತನಾಲ್ಕು ಮಿಲಿಮೀಟರ್. ನಮ್ಮ ಕಡೆ ಅದು ಮಳೆಯೇ ಅಲ್ಲ. ಅಂಥದ್ದು ವರ್ಷಕ್ಕೆ ಎಷ್ಟು ಸಲವೋ ಬರುತ್ತದೆ. ಪುಸ್ತಕದಲ್ಲಿ ೩೪ ಎಂದು ಬರೆದೆ. ಪೆನ್ನು ಮುಚ್ಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅದರ ಎಡಬದಿಗೆ ಒಂದು ೧ ಸೇರಿಸಿದೆ. ಬಹಳ ಚಂದದ ಅಕ್ಷರ ನನ್ನದು.

ಹನ್ನೊಂದು ಗಂಟೆಗೆ ಗ್ರಾಮಕರಣಿಕರು ಹಾನಿ ನೋಡಲು ಬಂದರು, ಜೊತೆಗೆ ಅವರ ಕಚೇರಿಯ ಸಹಾಯಕ, ಉಗ್ರಾಣಿ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಬಂದಿದ್ದ ಐಸಮ್ಮ ಜಗಲಿಯಲ್ಲಿ ಕುಳಿತಿದ್ದಳು. ಗಂಡ ಹಮೀದ್ ಗಲ್ಫಿನಲ್ಲಿ; ಬೀಡಿ ಕಟ್ಟಿ ಮನೆ ನಡೆಸುತ್ತಿದ್ದ ಕೈ ಅದು.

"ಎಷ್ಟು ಹೊತ್ತಿಗೆ ಬಿದ್ದದ್ದಮ್ಮ?" ಎಂದರು ಕರಣಿಕರು.

"ಮೂರು ಗಂಟೆಗೆ ಸರ್. ಮಳೆ ನಿಂತಿತ್ತು. ಬಟ್ಟೆ ಹಾಕ್ಲಿಕ್ಕೆ ಹೊರಗೆ ಬಂದವಳು ನಾನು. ಕ್ಲಿಪ್ ತರ್ಲಿಕ್ಕೆ ಒಳಗೆ ಹೋದದ್ದು, ಅಷ್ಟೇ."

"ಮಳೆ ನಿಂತ ಮೇಲೆ ಗೋಡೆ ಯಾಕೆ ಬೀಳ್ತದೆ?" ಅವರು ನನ್ನ ಕಡೆ ತಿರುಗಿದರು. "ಮಾಷ್ಟ್ರೆ, ನಿಮ್ಮ ಪುಸ್ತಕ ಉಂಟಲ್ಲ?"

ಇದನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ — ಆ ಕ್ಷಣದಲ್ಲಿ ಸುಮ್ಮನಿದ್ದರೂ ಸಾಕಿತ್ತು. ಪುಸ್ತಕವನ್ನು ಮಾತ್ರ ಕೊಟ್ಟಿದ್ದರೂ ಸಾಕಿತ್ತು. ನಾನು ಬಾಯಿ ತೆರೆದೆ.

"ಪಾಪ, ಗಾಬರಿಯಲ್ಲಿ ಹೇಳ್ತಿದ್ದಾಳೆ. ಮಳೆ ನಿಂತಿರಲಿಲ್ಲ. ನಿಂತಿದ್ರೆ ಇಷ್ಟು ಅಳತೆ ಬರ್ತದಾ?"

ಪುಸ್ತಕ ಕೈಯಿಂದ ಕೈಗೆ ಹೋಯಿತು. ಉಗ್ರಾಣಿ ನಕ್ಕ. "ಮಾಷ್ಟ್ರು ಹೇಳಿದ ಮೇಲೆ ಮುಗೀತಲ್ಲ ಮಾರಾಯ್ರೆ! ದೇವರು ತಪ್ಪಿದ್ರೂ ಅವರ ಡಬ್ಬಿ ತಪ್ಪುದಿಲ್ಲ." ಹಿಂದಿನ ದಿನ ಬಿಸಿಲಿನಲ್ಲೇ ಕಲ್ಲು ಎತ್ತಿದ್ದವರೂ ಪುಸ್ತಕ ನೋಡಿ ನಕ್ಕರು. ಪೇಟೆಯಲ್ಲಿ ಅಷ್ಟು ಮಳೆ ಇರಲಿಲ್ಲವಲ್ಲ ಎಂದು ಯಾರೋ ಅಂದಾಗ, ಇಂಥ ಕುಸಿತಗಳಲ್ಲಿ ಒಂದು ಗುಡ್ಡಕ್ಕೆ ಸುರಿದದ್ದು ಮುಂದಿನ ಗುಡ್ಡಕ್ಕೆ ಸುರಿಯುವುದಿಲ್ಲವೆಂದು ನಾನು ಪಾಠವನ್ನೂ ಮಾಡಿದೆ. "ಸರಿ, ವಾಯುಭಾರ ಕುಸಿತ ಅಂತ ಬರೆಯುವ" ಎಂದು ಕರಣಿಕರು ಬರೆದರು. ಐಸಮ್ಮ ನನ್ನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ತನ್ನ ನೆನಪನ್ನೇ ತಡಕಾಡುವವಳ ಹಾಗೆ ಒಮ್ಮೆ ಆಕಾಶದ ಕಡೆ ನೋಡಿ ತಲೆ ತಗ್ಗಿಸಿದಳು.

ಹೆಸರಿದ್ದ ಚಂಡಮಾರುತವಾಗಿದ್ದರೆ ಇದು ಇಷ್ಟು ಸುಲಭವಾಗುತ್ತಿರಲಿಲ್ಲ. ಯಾರಾದರೂ ಹಳೆಯ ವರದಿ ತೆಗೆದು ನೋಡುತ್ತಿದ್ದರು. ಹೆಸರಿಲ್ಲದ್ದರ ಮೇಲೆ ಏನನ್ನೂ ಹೊರಿಸಬಹುದು. ಅದು ವಾದಿಸುವುದಿಲ್ಲ.

ಆಮೇಲಿನದು ಇನ್ನೂ ಹೊಲಸು. ಸಮುದ್ರದ ಸಣ್ಣ ಬಿರುಗಾಳಿಗಳ ಬಗ್ಗೆ ಮಾತನಾಡಲು ಮೂಡುಬಿದಿರೆಯಲ್ಲಿ ಕರೆದರು, ಹೋದೆ. ಐಸಮ್ಮನ ಅಡುಗೆಮನೆಯನ್ನು ಉದಾಹರಣೆ ಕೊಟ್ಟೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಪೆರ್ನಾಲ್ ಹಬ್ಬ ಬಂದಾಗಲೆಲ್ಲ ಅವಳು ಅಕ್ಕಿಯ ಪತ್ತಿರ್ ಕಳಿಸುತ್ತಿದ್ದಳು. ಮೊದಲು ತಟ್ಟಿದರೆ ಹುಣ್ಣಿಮೆಯ ಹಾಗಿರುತ್ತಿದ್ದ ರೊಟ್ಟಿ ಈಗ ಅಂಚು ಹರಿದು ಸೊಟ್ಟಗಿರುತ್ತಿತ್ತು. ನಾನು ಅದನ್ನು ಕೋಳಿಗೆ ಹಾಕಿ, "ಬಹಳ ಒಳ್ಳೇದಿತ್ತು" ಎಂದು ಪಾತ್ರೆ ಹಿಂದಿರುಗಿಸುತ್ತಿದ್ದೆ. ಗೋಡೆ ಕಟ್ಟಿಸಿಕೊಟ್ಟೆ, ಊರು ಅದಕ್ಕೂ ಹೊಗಳಿತು. ಕಣಿಯ ಬಾಯಿಯ ಕಲ್ಲುಗಳನ್ನು ಮಾತ್ರ ತೆಗೆಯಲಿಲ್ಲ. ತೆಗೆದರೆ ಯಾಕೆ ತೆಗೆದಿರೆಂದು ಯಾರಾದರೂ ಕೇಳಿಯಾರು! ನಾಲ್ಕು ಮಳೆಗಾಲ — ಪ್ರತಿ ಜೋರು ಮಳೆಗೆ ಕಿಟಕಿಯಲ್ಲಿ ನಿಂತು ಗೋಡೆಯನ್ನು ನೋಡುತ್ತಿದ್ದೆ, ಇಳಿದು ಹೋಗಿ ಐದು ಕಲ್ಲು ಎತ್ತುತ್ತಿರಲಿಲ್ಲ. ಇಂಥವನನ್ನು ಏನೆನ್ನಬೇಕು? ನನಗೆ ಪದ ಗೊತ್ತು. ಬರೆದರೆ ಅದೂ ಒಂದು ಬಗೆಯ ಅಲಂಕಾರವಾದೀತು.

ಈ ಬೇಸಿಗೆಯಲ್ಲಿ ಹಮೀದ್ ರಜೆಯಲ್ಲಿ ಬಂದ. ಅಷ್ಟು ವರ್ಷವೂ ಮನೆಯ ಎದುರಿನ ಶೀಟಿನ ಚಪ್ಪರದಲ್ಲೇ ಅಡುಗೆಯಾಗುತ್ತಿತ್ತು. ಹಳೆಯ ಜಾಗದಲ್ಲೇ ಅಡುಗೆಮನೆ ಕಟ್ಟಿಸುವುದೆಂದು ನಿಶ್ಚಯಿಸಿದರು. ಬಾಬು ಮೇಸ್ತ್ರಿ ಅಳತೆಯ ಹಗ್ಗ ಹಿಡಿದುಕೊಂಡು ನನ್ನಲ್ಲಿಗೇ ಬಂದ.

"ಮಾಷ್ಟ್ರೆ, ಆವತ್ತಿನಂಥ ಮಳೆ ಇನ್ನೊಮ್ಮೆ ಬರ್ತದಾ? ಬರುದಿಲ್ಲಾಂದ್ರೆ ಅಡಿಪಾಯದ ಪಂಚಾಂಗ ಅಲ್ಲೇ ಹಾಕುವ."

"ಜನ್ಮಕ್ಕೊಮ್ಮೆ ಬರುವ ಮಳೆ ಮಾರಾಯ ಅದು" ಎಂದೆ.

ಅಭ್ಯಾಸಬಲದಿಂದ ಬಂದ ಮಾತು. ಅವನು ಹೋದ. ಸಂಜೆಗೆ ಕೆಳಗಿನಿಂದ ಪಿಕಾಸಿಯ ಸದ್ದು ಕೇಳತೊಡಗಿತು. ಮೂವತ್ತನಾಲ್ಕು ಮಿಲಿಮೀಟರಿಗೆ ಬಿದ್ದ ಗೋಡೆಯ ಬುಡದಲ್ಲಿ, ನನ್ನ ಒಂದು ಅಂಕಿಯನ್ನು ನಂಬಿ, ಆ ಮನೆಯವರು ಒಲೆ ಹೂಡಲು ಹೊರಟಿದ್ದರು. ನನ್ನ ಸುಳ್ಳು ಅಲ್ಲಿಯವರೆಗೆ ಹಿಂದಿನದನ್ನು ಮುಚ್ಚುತ್ತಿತ್ತು; ಈಗ ಅದು ಮುಂದಿನದನ್ನು ಕಟ್ಟುತ್ತಿತ್ತು. ಮರುದಿನ ಬೆಳಿಗ್ಗೆ ಇಳಿದು ಹೋದೆ.

ಐಸಮ್ಮ ಚಪ್ಪರದಲ್ಲಿ ಎಡಗೈಯಿಂದ ಬೂತಾಯಿ ಮೀನು ಕ್ಲೀನ್ ಮಾಡುತ್ತಿದ್ದಳು. ಕಣಿ, ಕಲ್ಲು, ಅಂಕಿ — ಎಲ್ಲವನ್ನೂ ನಿಂತುಕೊಂಡೇ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ಮಳೆ ನಿಂತಿತ್ತು?"

"ನಿಂತಿತ್ತು."

ಅವಳು ಕತ್ತಿ ಕೆಳಗಿಟ್ಟಳು. "ಕೈ ಹೋದದ್ದು ಹೋಯ್ತು ಮಾಷ್ಟ್ರೆ. ನಾಲ್ಕು ವರ್ಷ ನಾನು ನನ್ನ ತಲೆಯೇ ಸರಿ ಇಲ್ಲ ಅಂತ ತಿಳ್ಕೊಂಡೆ. ಗ್ಯಾಸ್ ಆಫ್ ಮಾಡಿದ್ರೂ ಮೂರು ಸಲ ಹೋಗಿ ನೋಡುದು. ಬಾಗಿಲು ಹಾಕಿದ್ರೂ ತಿರುಗಿ ಬರುದು. ಬಿಸಿಲಿತ್ತು ಅಂತ ನೆನಪುಂಟು, ಮಾಷ್ಟ್ರ ಪುಸ್ತಕದಲ್ಲಿ ಇಲ್ಲ. ಯಾವುದು ನಂಬುದು ನಾನು?"

ಯಾರ ಮಾತನ್ನೂ ನಂಬಬೇಡಿ, ಕಣ್ಣಾರೆ ಕಂಡದ್ದನ್ನು ನಂಬಿ ಎಂದು ಊರಿಡೀ ಹೇಳಿಕೊಂಡು ತಿರುಗಿದವನು ನಾನು.

"ನನ್ನ ಹತ್ರ ಬಂದು ಹೇಳಿದ್ರೆ ಸಾಲದು" ಎಂದಳು. "ಆವತ್ತು ಯಾರ ಎದುರು ಹೇಳಿದ್ರೋ ಅವರ ಎದುರು ಹೇಳಿ. ಈಗ ಹೋಗಿ, ಮೀನಿಗೆ ಬೆಕ್ಕು ಬರ್ತದೆ."

ಅದೇ ವಾರ ಗ್ರಾಮಸಭೆಯಿತ್ತು. ಹೇಳಿದೆ. ಪುಸ್ತಕ ತೆರೆದು, ಯಾವ ಅಂಕಿ ಆಮೇಲೆ ಸೇರಿಸಿದ್ದೆಂದು ಬೆರಳಿಟ್ಟು ತೋರಿಸಿದೆ. ಆಮೇಲೆ ಅಧ್ಯಕ್ಷತೆ ವಹಿಸಿದ್ದವರು ಎದ್ದು, "ಮಾಷ್ಟ್ರದ್ದು ದೊಡ್ಡ ಮನಸ್ಸು. ಪ್ರಕೃತಿ ಮಾಡಿದ್ದನ್ನೂ ತನ್ನ ತಲೆ ಮೇಲೆ ತಗೊಳ್ತಾರೆ" ಎಂದರು. ಚಪ್ಪಾಳೆ ಬಿತ್ತು. ಚಪ್ಪಾಳೆ!

ಐಸಮ್ಮ ಹೆಂಗಸರ ಸಾಲಿನಿಂದ ಎದ್ದು ನಿಂತಳು. "ಚಪ್ಪಾಳೆ ಯಾಕೆ? ಅವರು ಸತ್ಯ ಹೇಳಿದ್ದನ್ನೂ ನೀವು ನಂಬುದಿಲ್ಲ, ನಾನು ಹೇಳಿದ್ದನ್ನೂ ನಂಬ್ಲಿಲ್ಲ. ನಿಮಗೆ ಬೇಕಾದದ್ದು ಏನು ಹೇಳಿ, ಅದನ್ನೇ ಹೇಳ್ತೇವೆ."

ಹೊರಗೆ ಬರುವಾಗ ಉಗ್ರಾಣಿ ನನ್ನ ಹೆಗಲ ಮೇಲೆ ಕೈಯಿಟ್ಟ. ಅವನದು ಕೆಟ್ಟ ಬುದ್ಧಿಯಲ್ಲ. "ಬೇಜಾರ್ ಮಾಡ್ಬೇಡಿ ಮಾಷ್ಟ್ರೆ. ವಯಸ್ಸಾದ ಮೇಲೆ ನೆನಪು ಅಲ್ಲಿಂದಿಲ್ಲಿಗೆ ಆಗ್ತದೆ" ಎಂದ. ಇಲ್ಲ, ನನಗೆ ಸರಿಯಾಗಿ ನೆನಪಿದೆ ಎನ್ನಲು ಹೊರಟವನು ಮಾತು ನುಂಗಿದೆ. ಇದನ್ನೇ ಅವಳು ನಾಲ್ಕು ವರ್ಷ ನುಂಗಿದ್ದು.

ಮರುದಿನ ಕಣಿಯ ಕಲ್ಲುಗಳನ್ನು ಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ ಕಿತ್ತೆ. ಬಾಬು ಮೇಸ್ತ್ರಿ ತೋಡಿದ್ದ ಪಂಚಾಂಗವನ್ನು ಮಣ್ಣು ಹಾಕಿ ಮುಚ್ಚಿ, ಮನೆಯ ಎದುರು ಬದಿಗೆ ಹೊಸದಾಗಿ ಹಗ್ಗ ಎಳೆದಿದ್ದಾನೆ. ಐಸಮ್ಮ ಈಗ ನನ್ನನ್ನು ಮಾತನಾಡಿಸುವುದಿಲ್ಲ. ಕಂಡರೆ ಮುಖ ತಿರುಗಿಸುವುದೂ ಇಲ್ಲ, ನೇರವಾಗಿ ನೋಡಿ ದಾಟಿ ಹೋಗುತ್ತಾಳೆ. ಕ್ಷಮೆ ಕೇಳಲು ನಾನು ಮತ್ತೆ ಅವಳ ಚಪ್ಪರಕ್ಕೆ ಹೋಗಿಲ್ಲ. ಕೇಳಿದರೆ ಕೊಡುವ ಭಾರವೂ ಅವಳ ಮೇಲೆಯೇ ಬೀಳುತ್ತದೆ.

ಎರಡು ಸಲ ಬಂಟ್ವಾಳದ ತಾಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಹಳೆಯ ಕಡತ ಮುಗಿದಿದೆ, ಕಾರಣ ಬದಲಾಯಿಸಲು ಬರುವುದಿಲ್ಲ ಎಂದರು. ಕಾರಣ ಹಾಗೆಯೇ ಇರಲಿ, ಸಮುದ್ರಕ್ಕೆ ಏನೂ ನಷ್ಟವಿಲ್ಲ. ನಾನು ಕೇಳುತ್ತಿರುವುದು ಆ ದಿನ ಯಾರೂ ಬರೆದುಕೊಳ್ಳದ ಒಂದು ಸಾಲನ್ನು ಸೇರಿಸಬೇಕೆಂದು: ಗೋಡೆ ಬೀಳುವಾಗ ಮಳೆ ನಿಂತಿತ್ತೆಂದು ಮನೆಯಾಕೆ ಹೇಳಿದ್ದಾಳೆ, ಅದು ನಿಜ. ಮುಂದಿನ ವಾರ ಮತ್ತೆ ಹೋಗುತ್ತೇನೆ. ಸೇರಿಸುವವರೆಗೆ ಹೋಗುತ್ತೇನೆ.