ಖಾಲಿ ಕಳಿಸಬಾರದ ಬಟ್ಟಲು

ಸ್ನೇಹಿತರೇ, ಇವತ್ತು ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಒಂದು ಬಟ್ಟಲಿಗಾಗಿ ಜಗಳವಾಯಿತು. ನಿನ್ನೆ ಪಕ್ಕದ ಮನೆಯ ಮಾದೇವಕ್ಕ ಹುರುಳಿ ಸಾರು ಕೊಟ್ಟಿದ್ದ ಬಟ್ಟಲು ಅದು. ಅವ್ವ ಇದ್ದಾಗ ಎರಡೂ ಮನೆಯ ಬಟ್ಟಲುಗಳು ನಡುಗೋಡೆಯ ಮೇಲೇ ಓಡಾಡುತ್ತಿದ್ದವು. ಮೊಸರಿನ ಹೆಪ್ಪೋ ಕರಿಬೇವೋ ಏನಾದರೊಂದು ಇರುತ್ತಿತ್ತು, ಖಾಲಿಯಂತೂ ಹೋಗುತ್ತಿರಲಿಲ್ಲ.

ಬಟ್ಟಲು ಕೇಳಲು ಬಂದ ಮಾದೇವಕ್ಕ ಅದನ್ನೇ ನೆನಪಿಸಿದಳು. "ಖಾಲಿ ಕೊಡ್ಬ್ಯಾಡ ಕಣಮ್ಮಿ. ನಿನ್ ಮಗಳು ಗ್ಯಾನ ನಿಲ್ಲಕ್ಕೆ ನುಂಗ್ತಳಲ್ಲ, ಆ ಮಾತ್ರೆ ನಾಕು ಆಕು. ನಮ್ ಮಗನ್ಗೆ ಪರೀಕ್ಷೆ ಅದೆ."

ಎಡಿಎಚ್‌ಡಿ ಇರುವ ನನ್ನ ಮಗಳಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆ!

"ಅಕ್ಕ, ಅದು ಡಾಕ್ಟ್ರು ಅವಳ್ನ ನೋಡ್ಕಂಡು ಅಳತೆಲಿ ಕೊಡಾದು. ಸುಮ್ಸುಮ್ನೆ ನುಂಗುದ್ರೆ ಚಟ ಅಂಟ್ಕತದೆ."

"ಚಟ ಆಯ್ತದೆ ಅಂದ್ರೆ ನಿನ್ ಮಗಳ್ಗೆ ಯಾಕ್ ಕೊಟ್ಟೆ?"

ನನ್ನ ಎದೆಗೇ ಚುಚ್ಚಿತು. "ಆ ಭಯ ನಂಗೂ ಅದೆ. ಅದ್ಕೇ ಡಬ್ಬಿಗೆ ಬೀಗ ಆಕಿ ಮಡ್ಗಿವ್ನಿ" ಎಂದೆ.

ಬಟ್ಟಲಿಗೆ ಎರಡು ಅಚ್ಚು ಬೆಲ್ಲ ಹಾಕಿಕೊಟ್ಟೆ.

"ಬೆಲ್ಲ ತಿಂದ್ರೆ ಪಾಸಾದಾನಾ?" ಎನ್ನುತ್ತ ಅಕ್ಕ ಮುಖ ಊದಿಸಿಕೊಂಡು ಹೋದಳು.

ಪಾಸಾಗುತ್ತಾನೋ ಇಲ್ಲವೋ ಗೊತ್ತಿಲ್ಲ. ಬೆಲ್ಲದ ಚಟ ಬಿಡಿಸಲೆಂದು ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದ್ದನ್ನು ಮಾತ್ರ ಅವ್ವನ ಕಾಲದಿಂದಲೂ ನಾನು ಕೇಳಿಲ್ಲ.