ಬೂಟು ಬಿಚ್ಚಿಟ್ಟು ಒಳಗೆ ಹೋದವರು

ಮೊನ್ನೆ ಹಳೆಯ ಟೇಪ್‌ರೆಕಾರ್ಡರೊಂದಕ್ಕೆ ಬಹಳ ವರ್ಷಗಳ ಮೇಲೆ ಕರೆಂಟು ಕೊಟ್ಟೆ. ಅದು ಹಾಡಲಿಲ್ಲ. ಬಿಸಿಯಾದ ಧೂಳಿನ ವಾಸನೆ ಮಾತ್ರ ಬಂತು, ಅದರ ಹಿಂದೆಯೇ ಮೇಲ್ಮನೆಯ ಮಾಮಿ ಬಂದರು. ವಾಸನೆ ತಂದುಕೊಟ್ಟದ್ದನ್ನೆಲ್ಲ ನಂಬುವವಳಲ್ಲ ನಾನು. ಅವರ ಸೀರೆ ಹಸಿರು ಎಂದು ಬರೆದರೆ ಆ ಹಸಿರು ಈಗ ನಾನೇ ಬಳಿದದ್ದಿರಬಹುದು. ಸೀರೆ ಬಿಡೋಣ...

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಮದರಾಸಿನ ವೆಸ್ಟ್ ಮಾಂಬಲಂನ ಆ ಬೀದಿಯಲ್ಲಿ ಕನ್ನಡದವರದು ಎರಡೇ ಮನೆ, ಕೆಳಗೆ ನಾವು, ಮೇಲೆ ಮಾಮಿ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಸಿಂಗಪುರದಿಂದ ಪುಟ್ಟದೊಂದು ಕಂಪ್ಯೂಟರ್ ತಂದು, ತನ್ನ ರಜೆ ಮುಗಿಯುವವರೆಗೆ ಅಕ್ಕನ ಮನೆಯಲ್ಲಿಟ್ಟಿದ್ದ. ಅದನ್ನು ಟಿವಿಗೂ ಟೇಪ್‌ರೆಕಾರ್ಡರಿಗೂ ಸಿಕ್ಕಿಸಿ ಕ್ಯಾಸೆಟ್ ಹಾಕಿದರೆ ಹತ್ತು ನಿಮಿಷ ಕಿರುಚಿ, ಆಮೇಲೆ ಆಟ ಶುರುವಾಗುತ್ತಿತ್ತು. ಕ್ಯಾಸೆಟ್ಟಿನ ಒಂದು ಬದಿಯಲ್ಲಿ, ಆಕಾಶದಿಂದ ಸಾಲುಸಾಲಾಗಿ ಇಳಿಯುವ ವಿಚಿತ್ರ ಪ್ರಾಣಿಗಳನ್ನು ಗುಂಡಿಟ್ಟು ಉರುಳಿಸುವ ಆಟ. ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಮನೆಯಲ್ಲಿದ್ದ ನನ್ನ ಅಣ್ಣನಿಗೆ ಅದೇ ಆಗಬೇಕು. ಇನ್ನೊಂದು ಬದಿಯ ಆಟದಲ್ಲಿ ಚಿತ್ರವೇ ಇರಲಿಲ್ಲ, ಬರೀ ಇಂಗ್ಲಿಷ್ ವಾಕ್ಯಗಳು. ನೀನು ಪಾಳುಬಂಗಲೆಯೊಂದರ ಮುಂದೆ ನಿಂತಿದ್ದೀಯ, ಏನು ಮಾಡುತ್ತೀಯ ಎಂದು ಅದು ಕೇಳುತ್ತಿತ್ತು. ನಾವು ಎರಡು ಪದ ಟೈಪು ಮಾಡಿ ಉತ್ತರ ಕೊಡಬೇಕು. ಮಾಮಿಗೆ ಹಿಡಿಸಿದ್ದು ಇದು. ಅವರಿಗೆ ಇಂಗ್ಲಿಷ್ ಬಾರದು. ಕಾಲೇಜಿನಲ್ಲಿದ್ದ ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಟೈಪು ಮಾಡುತ್ತಿದ್ದೆ.

ಅಣ್ಣನ ಸರದಿ ಬಂದಾಗ ಮಾಮಿ ಹಿಂದೆ ನಿಂತು ನೋಡುತ್ತಿದ್ದರು. "ಅವು ಯಾಕಪ್ಪಾ ಹಾಗೆ ಇಳ್ದು ಬರ್ತಿವೆ? ಊರು ಬಿಟ್ಟು ಬಂದಿವೆಯೋ ಏನೋ, ಪಾಪ. ಗುಂಡಲ್ಲಿ ಸುಡೋ ಮುಂಚೆ ಒಂದು ಮಾತು ಕೇಳಬಾರದಾ?"

ಅಣ್ಣ ಕಣ್ಣು ತೆಗೆಯದೆ ತಮಿಳಿನಲ್ಲೇ ಹೇಳುತ್ತಿದ್ದ. "ಕದೈ ಎಲ್ಲಾಂ ವೇಂಡಾಂ ಮಾಮಿ. ಸುಟ್ಟಾ ಪೋದುಂ." ಕಥೆಗಿಥೆ ಬೇಡ, ಸುಟ್ಟರೆ ಸಾಕು.

ಬಂಗಲೆಯ ಮಹಡಿಯಲ್ಲಿ ಬೀಗ ಹಾಕಿದ ಕೋಣೆಯೊಂದಿತ್ತು. ಬಾಗಿಲಿಗೆ ಕಿವಿಗೊಟ್ಟರೆ ಒಳಗೆ ಮುದುಕಿಯೊಬ್ಬಳು ಅಳುವ ಸದ್ದು. ಆ ಸಾಲನ್ನು ಓದಿ ಹೇಳಿದ ದಿನದಿಂದ ಮಾಮಿಗೆ ಬೇರೆ ಯೋಚನೆಯಿಲ್ಲ. ಶುಕ್ರವಾರ ಅವರ ತಮ್ಮ ಯಂತ್ರವನ್ನು ತೆಗೆದುಕೊಂಡು ಹೊರಡುವ ಮೊದಲು ಅವಳನ್ನು ಬಿಡಿಸಬೇಕು. ಬೆಳಿಗ್ಗೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಅವಳಿಗೆ ಊಟ ಯಾರು ಕೊಡ್ತಾರೆ ಅಂತ ಏನಾದ್ರೂ ಬರೆದಿದೆಯೇನೇ?" ಎಂದು ಕೇಳುತ್ತಿದ್ದರು. ನನಗೆ ಮುದುಕಿಗಿಂತ ಬೀಗದ ಕೈ ಮುಖ್ಯವಾಗಿತ್ತು. ಅದು ಎಲ್ಲಿದೆ, ಕಂಡುಹಿಡಿಯುವುದು ಹೇಗೆ...

ತೊಡಕಾದದ್ದು ಬೂಟಿನಿಂದ. ನಮ್ಮ ಕಾಲಲ್ಲಿ ಬೂಟಿದೆ ಎಂದು ಆಟ ಮೊದಲಿಗೇ ಹೇಳುತ್ತಿತ್ತು. ಬಂಗಲೆಯ ಹೊಸ್ತಿಲಿಗೆ ಬಂದ ಕೂಡಲೇ ಮಾಮಿ, "ಬಿಚ್ಚಿಡು" ಎಂದರು.

"ಪಾಳುಬಂಗಲೆ ಮಾಮಿ. ಕಸ ಗುಡಿಸಿ ಎಷ್ಟು ಕಾಲ ಆಗಿದೆಯೋ."

"ಆದ್ರೇನು? ಮನೆ ಮನೇನೇ. ಬೂಟುಕಾಲಲ್ಲಿ ನುಗ್ಗೋಕೆ ನಾವೇನು ಪೊಲೀಸಾ?"

ಬೂಟನ್ನು ಹೊರಗೆ ಬಿಟ್ಟೆವು. ಯಂತ್ರ ಒಂದೇ ಪದದಲ್ಲಿ ಸರಿ ಎಂದಿತು. ಬೀಗದ ಕೈ ಇದ್ದದ್ದು ನೆಲಮಾಳಿಗೆಯಲ್ಲಿ, ಅಲ್ಲಿ ನೆಲದ ತುಂಬ ಒಡೆದ ಗಾಜು. ಬರಿಗಾಲಲ್ಲಿ ಇಳಿದು ಸತ್ತೆವು. ಸತ್ತರೆ ಮತ್ತೆ ಮೊದಲಿನಿಂದ. ಮತ್ತೆ ಹೊಸ್ತಿಲು, ಮತ್ತೆ "ಬಿಚ್ಚಿಡು." ಮೂರು ಸಲವೋ ಐದು ಸಲವೋ ಸತ್ತಿರಬೇಕು. ಗುರುವಾರ ಬಂತು.

ಆ ಮಧ್ಯಾಹ್ನ ನಾನು ಮೋಸ ಮಾಡಿದೆ. ಬೂಟು ಬಿಚ್ಚಿದೆ ಎಂದು ಬಾಯಲ್ಲಿ ಹೇಳಿ, ಹಾಕಿಕೊಂಡೇ ಒಳಗೆ ನಡೆದೆ. ಮಾಮಿ ಟಿವಿ ನೋಡಿದರು, ನನ್ನನ್ನು ನೋಡಿದರು.

"ಬೂಟು ಬಿಟ್ಟಾಗ ಚಿಕ್ಕದಾಗಿ ಏನೋ ಬರ್ತಿತ್ತು. ಈಗ ಉದ್ದುದ್ದ ಬಂತಲ್ಲ?" ಆಮೇಲೆ ಮೆಲ್ಲಗೆ, "ಇಂಗ್ಲಿಷ್ ಬಾರದವಳು ಅಂತ ತಾನೇ?"

ನನಗೆ ತಲೆಯೆತ್ತಲಾಗಲಿಲ್ಲ. ಮುಂದಿನ ಉಪಾಯ ತನ್ನದೆಂದು ಅಣ್ಣ ಇಂದಿಗೂ ವಾದಿಸುತ್ತಾನೆ. ನನಗೆ ಕೇಳಿಸುವುದು ಮಾಮಿಯ ದನಿ. "ಮದುವೆ ಛತ್ರದಲ್ಲಿ ಚಪ್ಪಲಿ ಕಳ್ಳರಿದ್ರೆ ಏನ್ಮಾಡ್ತೀವಿ? ಬಿಚ್ಚಿ ಪೈಯಲ್ಲಿ, ಅದೇ ಚೀಲದಲ್ಲಿ, ಹಾಕ್ಕೊಂಡು ಒಳಗೆ ಹೋಗಲ್ವಾ? ಹಾಗೇ ಮಾಡು."

ಯಂತ್ರ ಅದಕ್ಕೂ ಒಪ್ಪಿತು. ಬೂಟು ಕೈಯಲ್ಲಿ ಹಿಡಿದು ಬಂಗಲೆಯೊಳಗೆ ಹೋದೆವು. ನೆಲಮಾಳಿಗೆಯ ಬಾಯಿಯಲ್ಲಿ ಹಾಕಿಕೊಂಡೆವು, ಬೀಗದ ಕೈ ತಂದೆವು, ಮತ್ತೆ ಬಿಚ್ಚಿ ಮಹಡಿ ಹತ್ತಿದೆವು. ಬಾಗಿಲು ತೆರೆಯಿತು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮಂಚದ ಮೇಲೆ ಒಡವೆಯ ಪೆಟ್ಟಿಗೆ. ಅದನ್ನು ಎತ್ತಿಕೊಂಡರೆ ಗೆದ್ದಂತೆ. ಮುದುಕಿ ಇದ್ದಾಳೆ ಎಂದುಬಿಡಬಹುದಿತ್ತು. ಒಮ್ಮೆ ಸಿಕ್ಕಿಬಿದ್ದವಳಿಗೆ ಧೈರ್ಯ ಬರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಓದಿದೆ.

ಮಾಮಿ ಟಿವಿಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ "ಅಪ್ಪಾಡಾ" ಎಂದು ಉಸಿರುಬಿಟ್ಟರು. "ಹೋಗಿದಾಳೆ."

"ಬೀಗ ಹಾಕಿತ್ತಲ್ಲ ಮಾಮಿ?"

"ನಮಗಿಂತ ಮೊದ್ಲು ಯಾರೋ ಬಂದು ಬಿಡಿಸಿದಾರೆ ಕಣೇ. ಈ ಆಟ ನಾವು ಮಾತ್ರಾನಾ ಆಡ್ತಿರೋದು?"

"ಒಡವೆ?"

"ಅವಳದ್ದು. ಮುಟ್ಟಬೇಡ."

ಅಣ್ಣ ಹಣೆ ಚಚ್ಚಿಕೊಂಡ. ಮುಂದೇನು ಎಂದು ಯಂತ್ರ ಕೇಳುತ್ತಲೇ ಇತ್ತು. ಮಾಮಿ ಹಗುರಾಗಿ ಎದ್ದು ಒಳಗೆ ಹೋಗಿ ಮೂವರಿಗೂ ಕಾಫಿ ತಂದರು. ಆ ಕಾಫಿ ಚೆನ್ನಾಗಿತ್ತು. ಇದೊಂದನ್ನು ಅನುಮಾನಿಸುವುದಿಲ್ಲ.

ಮಾಮಿ ತೀರಿಕೊಂಡಾಗ ನಾನು ಮದರಾಸಿನಲ್ಲಿರಲಿಲ್ಲ. ಕಾಗದ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅಂತರ್ಜಾಲದಲ್ಲಿ ಆ ಆಟವನ್ನು ನೆನೆಯುವವರದೊಂದು ಪುಟವಿದೆ. ಮುದುಕಿಯೇ ಇಲ್ಲದ ಕೊನೆ ಬರೀ ಮೋಸ ಎಂದು ಕೆಲವರು, ಒಗಟು ಚೆನ್ನಾಗಿತ್ತಲ್ಲ, ಕಥೆ ಯಾರಿಗೆ ಬೇಕು ಎಂದು ಕೆಲವರು... ಇಷ್ಟು ಕಾಲದ ಮೇಲೂ ಜಗಳ ಬಿಸಿಯಾಗಿಯೇ ಇದೆ. ಮಾಮಿ ಹೇಳಿದ್ದನ್ನು ಯಾರೂ ಹೇಳಿರಲಿಲ್ಲ. ನಿನ್ನೆ ಅದನ್ನು ಅಲ್ಲಿ ಬರೆದೆ. ಆಡಿದವರ ಹೆಸರು ಎಂದು ಕೇಳಿದ ಕಡೆ ಕೈ ನಿಂತಿತು. ಅಣ್ಣನಿಗೆ ಫೋನು ಮಾಡಿದೆ. ಅವನು ಬಹಳ ಹೊತ್ತು ಯೋಚಿಸಿ, "ಮಾಮಿ ಅಂತಾನೇ ಅಲ್ವಾ?" ಎಂದ. ಅವರ ಹೆಸರು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಕೇಳೋಣವೆಂದರೆ ಆ ಮನೆಯವರು ಎಲ್ಲಿದ್ದಾರೋ...

ಮಾಮಿ, ವೆಸ್ಟ್ ಮಾಂಬಲಂ ಎಂದು ಬರೆದು ಕಳಿಸಿದೆ.